ನರ್ಸ್ ಪ್ರಾಕ್ಟಿಷನರ್ ಆಗಬೇಕೆ? ಮನೆ, ಡ್ಯೂಟಿ ನಡೆಸುತ್ತ ಓದುವವರಿಗೆ ಇರುವ ದಾರಿಗಳು

ನೈಟ್ ಡ್ಯೂಟಿ ಮುಗಿಸಿ ಬಸ್ ಹತ್ತಿದ ಸಿಸ್ಟರ್‌ಗಳ ಮೊಬೈಲಿಗೆ ಈಗ ಮೇಲಿಂದ ಮೇಲೆ ಒಂದು ಜಾಹೀರಾತು ಬರುತ್ತದೆ: ಮನೆಯಲ್ಲೇ ಕುಳಿತು ಆನ್‌ಲೈನ್‌ನಲ್ಲಿ ನರ್ಸ್ ಪ್ರಾಕ್ಟಿಷನರ್ ಆಗಿ. ಹೆಚ್ಚಿನ ಓದು ಓದಿ, ರೋಗಿಯ ತಪಾಸಣೆ, ಚಿಕಿತ್ಸೆಯಲ್ಲಿ ಹೆಚ್ಚಿನ ಹೊಣೆ ಹೊರುವ ನರ್ಸ್‌ಗೆ ಹಾಗೆನ್ನುತ್ತಾರೆ. ಬಾಗಲಕೋಟೆಯಲ್ಲಿ ನರ್ಸಿಂಗ್ ಕಲಿಸುವ ನನಗೆ ಹಳೆಯ ವಿದ್ಯಾರ್ಥಿನಿಯರು ಅದನ್ನು ಕಳಿಸಿ ಕೇಳುತ್ತಾರೆ: “ಮೇಡಂ, ಇದು ನಮಗ ಆಗ್ತೈತೇನ್ರಿ? ಹುಡುಗರು ಸಣ್ಣಾವ ಅದಾವು, ಕೆಲಸಾ ಬಿಟ್ರ ಮನಿ ನಡೆಯೂದಿಲ್ಲ.”

ಅವರ ಆಸೆ ನ್ಯಾಯವಾದದ್ದು. ವರ್ಷಗಟ್ಟಲೆ ಐಸಿಯುನಲ್ಲಿ ನಿಂತು, ಡಾಕ್ಟರ್ ಬರುವ ಮೊದಲೇ ರೋಗಿ ಹದಗೆಡುತ್ತಿರುವುದನ್ನು ಗುರುತಿಸುವ ನರ್ಸ್‌ಗೆ ಆ ತಿಳಿವಳಿಕೆಗೆ ತಕ್ಕ ಹುದ್ದೆ, ಅಧಿಕಾರ, ಸಂಬಳ ಸಿಗಲೇಬೇಕು. ಆದರೆ ದಾರಿ ಆರಿಸುವಾಗ ‘ಆನ್‌ಲೈನ್ ಐತೇನು?’ ಎಂಬುದು ಮೊದಲ ಪ್ರಶ್ನೆ ಆಗಬಾರದು. ಅದಕ್ಕಿಂತ ಮೊದಲು ಕೇಳಬೇಕಾದದ್ದು ಎರಡು. ಈ ಓದಿನ ಕ್ಲಿನಿಕಲ್ ತಾಸುಗಳು ಎಲ್ಲಿ ನಡೆಯುತ್ತವೆ? ಮುಗಿದ ಮೇಲೆ ಆ ಪದವಿಯನ್ನು ಯಾವ ನರ್ಸಿಂಗ್ ಕೌನ್ಸಿಲ್ ತನ್ನ ರಿಜಿಸ್ಟರಿನಲ್ಲಿ ಬರೆದುಕೊಳ್ಳುತ್ತದೆ? ಪಾಠವನ್ನು ರಾತ್ರಿ ಮಕ್ಕಳು ಮಲಗಿದ ಮೇಲೆ ಮೊಬೈಲಿನಲ್ಲಿಯೂ ಕೇಳಬಹುದು. ರೋಗಿಯ ಪಕ್ಕ ನಿಂತು ಕಲಿಯುವ ತಾಸುಗಳನ್ನು ಹಾಗೆ ಹೊಂದಿಸಲು ಬರುವುದಿಲ್ಲ. ನಿಮ್ಮ ಮನೆಯ ದಿನಚರಿಯನ್ನು ಕದಲಿಸುವುದು ಆ ತಾಸುಗಳೇ.

ಅಮೆರಿಕದ ಆನ್‌ಲೈನ್ ಪದವಿ

ನರ್ಸ್ ಪ್ರಾಕ್ಟಿಷನರ್ ತರಬೇತಿ ಮೊದಲು ಶುರುವಾದದ್ದು 1965ರಲ್ಲಿ, ಅಮೆರಿಕದ ಕೊಲೊರಾಡೊ ವಿಶ್ವವಿದ್ಯಾಲಯದಲ್ಲಿ. ಲೊರೆಟ್ಟಾ ಫೋರ್ಡ್ ಎಂಬ ನರ್ಸ್, ಹೆನ್ರಿ ಸಿಲ್ವರ್ ಎಂಬ ಮಕ್ಕಳ ವೈದ್ಯರ ಜೊತೆ ಸೇರಿ, ಸರಿಯಾದ ಚಿಕಿತ್ಸೆ ಸಿಗದ ಮಕ್ಕಳಿಗಾಗಿ ಅದನ್ನು ಕಟ್ಟಿದರು. ಇವತ್ತು ಅಲ್ಲಿ ನರ್ಸ್ ಪ್ರಾಕ್ಟಿಷನರ್‌ಗಳು ರೋಗಿಯನ್ನು ತಪಾಸಣೆ ಮಾಡುತ್ತಾರೆ, ರೋಗ ಯಾವುದೆಂದು ನಿರ್ಧರಿಸುತ್ತಾರೆ, ಔಷಧಿ ಬರೆಯುತ್ತಾರೆ. ಅರ್ಧಕ್ಕಿಂತ ಹೆಚ್ಚು ರಾಜ್ಯಗಳಲ್ಲಿ ಇದಕ್ಕೆ ಡಾಕ್ಟರ ಮೇಲುಸ್ತುವಾರಿಯೂ ಬೇಕಿಲ್ಲ. ಬಿಎಸ್‌ಸಿ ಮಟ್ಟದ ಮೇಲೆ ಮಾಸ್ಟರ್ಸ್ ಅಥವಾ ಡಾಕ್ಟರೇಟ್, ಆಮೇಲೆ ರಾಷ್ಟ್ರಮಟ್ಟದ ಪರೀಕ್ಷೆ, ಕೊನೆಗೆ ರಾಜ್ಯದ ಲೈಸೆನ್ಸ್: ಇದು ಅಲ್ಲಿಯ ಕ್ರಮ.

ಅಲ್ಲಿನ ನರ್ಸ್‌ಗಳಿಗೆ ಆನ್‌ಲೈನ್ ಪದವಿ ನಿಜವಾಗಿಯೂ ವರವೇ. ಥಿಯರಿಯನ್ನು ಮನೆಯಿಂದ ಓದುತ್ತಾರೆ, ಕ್ಲಿನಿಕಲ್ ತಾಸುಗಳನ್ನು ತಮ್ಮ ಊರಿನ ಕ್ಲಿನಿಕ್ಕಿನಲ್ಲಿ ಮುಗಿಸುತ್ತಾರೆ. ಆ ತಾಸುಗಳು ಕಡಿಮೆಯೇನಲ್ಲ. 2022ರ ರಾಷ್ಟ್ರೀಯ ಮಾನದಂಡದ ಪ್ರಕಾರ ಕನಿಷ್ಠ 750 ತಾಸು ನೇರವಾಗಿ ರೋಗಿಗಳನ್ನು ನೋಡಬೇಕು. ಅದಕ್ಕೂ ಮೊದಲು ಇದು 500 ಇತ್ತು. ದಿನಕ್ಕೆ 8 ತಾಸು ಹಿಡಿದರೂ 90ಕ್ಕೂ ಹೆಚ್ಚು ಪೂರ್ತಿ ದಿನ ಬೇಕು. ಪೂರ್ತಿ ಆನ್‌ಲೈನ್ ಎಂದು ಬರೆದಿರುವ ಕೋರ್ಸಿನಲ್ಲಿಯೂ ಈ ದಿನಗಳು ತಪ್ಪುವುದಿಲ್ಲ.

ಗೋಕಾಕದಲ್ಲೋ ಸಿಂದಗಿಯಲ್ಲೋ ಕುಳಿತವರಿಗೆ ತೊಡಕಾಗುವುದು ಇಲ್ಲಿಯೇ. ಈ ಕೋರ್ಸುಗಳಿಗೆ ಸೇರಲು ಸಾಮಾನ್ಯವಾಗಿ ಅಮೆರಿಕದ ಯಾವುದಾದರೊಂದು ರಾಜ್ಯದ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್ ಚಾಲ್ತಿಯಲ್ಲಿರಬೇಕು. ಕ್ಲಿನಿಕಲ್ ಕಲಿಸುವವರು ಅಲ್ಲಿಯ ಲೈಸೆನ್ಸ್ ಇರುವ ಡಾಕ್ಟರ್ ಅಥವಾ ನರ್ಸ್ ಪ್ರಾಕ್ಟಿಷನರ್ ಆಗಿರಬೇಕು. ಇಲ್ಲಿಯ ಆಸ್ಪತ್ರೆಯಲ್ಲಿ ಎಷ್ಟೇ ದುಡಿದರೂ ಆ ಲೆಕ್ಕಕ್ಕೆ ಬರುವುದಿಲ್ಲ. ಅಲ್ಲಿಯ ಸಂಜೆ ಏಳರ ಲೈವ್ ಕ್ಲಾಸ್ ನ್ಯೂಯಾರ್ಕ್ ಹೊತ್ತಿನ ಪ್ರಕಾರ ನಮಗೆ ಬೇಸಿಗೆಯಲ್ಲಿ ಬೆಳಗಿನ 4:30ಕ್ಕೆ, ಚಳಿಗಾಲದಲ್ಲಿ 5:30ಕ್ಕೆ. ಫೀ ಡಾಲರಿನಲ್ಲಿ. ಇಷ್ಟೆಲ್ಲ ದಾಟಿ ಪದವಿ ಕೈಗೆ ಬಂದರೂ, ಅದರ ಮೇಲೆ ಬೆಳಗಾವಿಯಲ್ಲಿ ಔಷಧಿ ಬರೆಯುವ ಅಧಿಕಾರ ಬರುವುದಿಲ್ಲ.

ಹಾಗಾದರೆ ಅದು ಯಾರಿಗೆ ಸರಿ? ಗಂಡನ ಕೆಲಸಕ್ಕಾಗಿ ಅಥವಾ ತಮ್ಮ ಕೆಲಸಕ್ಕಾಗಿಯೇ ಅಲ್ಲಿಗೆ ಹೋಗುವುದು ಗಟ್ಟಿಯಾದವರಿಗೆ. ಅವರ ಮೊದಲ ಹೆಜ್ಜೆ ಎನ್‌ಕ್ಲೆಕ್ಸ್, ಅಂದರೆ ಅಲ್ಲಿಯ ನರ್ಸ್ ಲೈಸೆನ್ಸಿಗೆ ಬರೆಯುವ ಪರೀಕ್ಷೆ. ಅಲ್ಲಿ ಆರ್‌ಎನ್ ಆಗಿ ನೆಲೆ ಕಂಡ ಮೇಲೆ ಪಾರ್ಟ್ ಟೈಂ ಆನ್‌ಲೈನ್ ಪದವಿ ಹಿಡಿಯಬಹುದು. ಎಷ್ಟೋ ಆಸ್ಪತ್ರೆಗಳು ಓದಿನ ಖರ್ಚಿನಲ್ಲಿ ಪಾಲು ಕೊಡುತ್ತವೆ. ಹಾಗೆ ಕೊಟ್ಟ ಹಣದಲ್ಲಿ ವರ್ಷಕ್ಕೆ 5,250 ಡಾಲರ್‌ವರೆಗೆ ನೌಕರರಿಗೆ ಆದಾಯ ತೆರಿಗೆಯೂ ಇಲ್ಲ. ಇಲ್ಲಿಯೇ ಬಾಳುವವರು ಈ ದಾರಿಗೆ ಸಾಲ ಮಾಡಬೇಡಿ ಎಂದು ನಾನು ನೇರವಾಗಿಯೇ ಹೇಳುತ್ತೇನೆ.

ನಮ್ಮ ದೇಶದ ನರ್ಸ್ ಪ್ರಾಕ್ಟಿಷನರ್

2017ರ ರಾಷ್ಟ್ರೀಯ ಆರೋಗ್ಯ ನೀತಿ ನರ್ಸ್ ಪ್ರಾಕ್ಟಿಷನರ್ ವರ್ಗ ಕಟ್ಟಬೇಕೆಂದು ಬರೆದಿದೆ. ಭಾರತೀಯ ನರ್ಸಿಂಗ್ ಕೌನ್ಸಿಲ್, ಅಂದರೆ ಐಎನ್‌ಸಿ, ಎರಡು ಕೋರ್ಸುಗಳನ್ನು ರೂಪಿಸಿದೆ. ಒಂದು ಕ್ರಿಟಿಕಲ್ ಕೇರ್‌ನಲ್ಲಿ, ಅಂದರೆ ಐಸಿಯು ಆರೈಕೆಯಲ್ಲಿ, ಎರಡು ವರ್ಷದ ಸ್ನಾತಕೋತ್ತರ ರೆಸಿಡೆನ್ಸಿ (ಆಸ್ಪತ್ರೆಯಲ್ಲಿ ಡ್ಯೂಟಿ ಮಾಡುತ್ತಲೇ ಕಲಿಯುವ ಕ್ರಮ). ಇನ್ನೊಂದು ಮಿಡ್‌ವೈಫರಿಯಲ್ಲಿ, ಅಂದರೆ ಹೆರಿಗೆ ಆರೈಕೆಯಲ್ಲಿ, 18 ತಿಂಗಳ ತರಬೇತಿ. ಈ ಎರಡನೆಯದು 2018ರ ಮಿಡ್‌ವೈಫರಿ ಸೇವಾ ಮಾರ್ಗಸೂಚಿಯ ನಂತರ ಬಂದದ್ದು, ಹೆರಿಗೆ ಕೋಣೆಯಲ್ಲಿ ಪಳಗಿದ ನರ್ಸ್‌ಗಳಿಗಾಗಿ. ಇವೆರಡರಲ್ಲಿ ಯಾವುದನ್ನೂ ಆನ್‌ಲೈನ್‌ನಲ್ಲಿ ಮಾಡಲು ಬರುವುದಿಲ್ಲ.

ಕ್ರಿಟಿಕಲ್ ಕೇರ್ ಕೋರ್ಸಿನ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು. ಮನೆ, ಕೆಲಸ ಎರಡೂ ಇರುವವರು ‘ರೆಸಿಡೆನ್ಸಿ’ ಎಂದು ಕೇಳಿದ ಕೂಡಲೇ ಹಿಂದೆ ಸರಿಯುತ್ತಾರೆ. ನಾನು ಅವರಿಗೆ ಇದನ್ನೇ ಮೊದಲು ನೋಡಿ ಎನ್ನುತ್ತೇನೆ.

ಇದರಲ್ಲಿ ಥಿಯರಿ ಶೇಕಡಾ 20, ಉಳಿದ 80 ಪೂರ್ತಿ ಕ್ಲಿನಿಕಲ್. ಕಲಿಯುವವರು ಐಸಿಯುನಲ್ಲಿ ಡ್ಯೂಟಿ ಮಾಡುತ್ತಲೇ ಕಲಿಯುತ್ತಾರೆ: ರೋಗಿಯ ಪೂರ್ತಿ ತಪಾಸಣೆ, ಎಬಿಜಿ (ರಕ್ತದ ಆಮ್ಲಜನಕ, ಆಮ್ಲತೆಯ ಪರೀಕ್ಷೆ) ಓದುವುದು, ವೆಂಟಿಲೇಟರ್ ಹೊಂದಿಸುವುದು, ಔಷಧಿಗಳ ವಿಜ್ಞಾನ, ಕೇಸ್ ಮಂಡನೆ. ಸೇರಲು ಬಿಎಸ್‌ಸಿ ನರ್ಸಿಂಗ್‌ನಲ್ಲಿ ಶೇಕಡಾ 55 ಅಂಕ, ನೋಂದಣಿ, ಕನಿಷ್ಠ ಒಂದು ವರ್ಷದ ಕ್ಲಿನಿಕಲ್ ಅನುಭವ ಬೇಕು; ಆ ಅನುಭವ ಐಸಿಯುನದ್ದಾದರೆ ಲೇಸು. ಸೇವೆಯಲ್ಲಿರುವವರಿಗೆ ಅವರ ಸಂಬಳ ಮುಂದುವರಿಯಬೇಕು, ಹೊರಗಿನಿಂದ ಬಂದವರಿಗೆ ಆ ಆಸ್ಪತ್ರೆಯ ಸಂಬಳ ಪದ್ಧತಿಯಂತೆ ಕೊಡಬೇಕು ಎಂದು ಐಎನ್‌ಸಿ ಪಠ್ಯಕ್ರಮವೇ ಹೇಳುತ್ತದೆ.

ಇದನ್ನು ಮನೆಯ ಕಣ್ಣಿನಿಂದ ನೋಡಿ. ನೀವು ಈಗಾಗಲೇ ದಿನಕ್ಕೆ ಎಂಟು ತಾಸು ಪಾಳಿ ಮಾಡುತ್ತಿದ್ದೀರಿ. ಆ ಪಾಳಿಗೆ ಮನೆಯವರು ಹೊಂದಿಕೊಂಡು ವರ್ಷಗಳಾಗಿವೆ. ರೆಸಿಡೆನ್ಸಿಯಲ್ಲಿ ಪಾಳಿಯೇ ಓದು. ಮೇಲೆ ಬೀಳುವುದು ಸೆಮಿನಾರ್, ಲಾಗ್‌ಬುಕ್, ಪರೀಕ್ಷೆಯ ತಯಾರಿ. ಕೆಲಸದ ಮೇಲೆ ಇನ್ನೊಂದು ಓದನ್ನು ಹೇರುವ ಆನ್‌ಲೈನ್ ಕೋರ್ಸಿಗಿಂತ, ಕೆಲಸವನ್ನೇ ಓದಾಗಿಸುವ ಈ ಕ್ರಮ ಚಿಕ್ಕ ಮಕ್ಕಳ ತಾಯಿಗೆ ಎಷ್ಟೋ ಸಲ ಹಗುರ. ಆದರೆ ಒಂದು ಷರತ್ತು. ನೀವು ಇರುವ ಊರಿನಲ್ಲಿ ಅಥವಾ ದಿನಾ ಹೋಗಿಬರುವಷ್ಟು ಹತ್ತಿರದಲ್ಲಿ ಅನುಮತಿ ಇರುವ ಆಸ್ಪತ್ರೆ ಸಿಗಬೇಕು. ಯಾವ ಸಂಸ್ಥೆಗೆ ಯಾವ ಕೋರ್ಸಿನ ಅನುಮತಿ ಇದೆ ಎಂಬ ಪಟ್ಟಿಯನ್ನು ಐಎನ್‌ಸಿ ತನ್ನ ವೆಬ್‌ಸೈಟಿನಲ್ಲಿ ವರ್ಷವಾರು ಹಾಕುತ್ತದೆ. ಆ ವರ್ಷದ ಪಟ್ಟಿಯನ್ನೇ ನೋಡಿ. ಕಾಲೇಜಿನವರ ಬಾಯಿಮಾತು, ಹಳೆಯ ಪ್ರಾಸ್ಪೆಕ್ಟಸ್ ಎರಡನ್ನೂ ನಂಬಬೇಡಿ. ಹತ್ತಿರ ಇಲ್ಲ, ಬೆಂಗಳೂರಿಗೇ ಹೋಗಬೇಕು ಎಂದಾದರೆ ಲೆಕ್ಕ ಪೂರ್ತಿ ಬದಲಾಗುತ್ತದೆ. ಎರಡು ವರ್ಷ ಮಕ್ಕಳಿಂದ ದೂರ ಇರುವ ತೂಕವನ್ನು ನೀವೇ ಅಳೆಯಬೇಕು.

ಅಧಿಕಾರದ ವಿಷಯ ಸ್ಪಷ್ಟವಾಗಿರಲಿ. ಇಲ್ಲಿಯ ನರ್ಸ್ ಪ್ರಾಕ್ಟಿಷನರ್ ಕೆಲಸ ಮಾಡುವುದು ಆಸ್ಪತ್ರೆಯ ಪ್ರೋಟೋಕಾಲ್, ಸ್ಟ್ಯಾಂಡಿಂಗ್ ಆರ್ಡರ್‌ಗಳ, ಅಂದರೆ ಮೊದಲೇ ಬರೆದಿಟ್ಟ ಚಿಕಿತ್ಸಾ ಸೂಚನೆಗಳ ಒಳಗೆ. ಅಮೆರಿಕದಂತೆ ಸ್ವಂತ ಕ್ಲಿನಿಕ್ ತೆರೆಯುವ ಹುದ್ದೆ ಇದಲ್ಲ. ಕೋರ್ಸ್ ಮುಗಿದ ಮೇಲೆ ಯಾವ ಹುದ್ದೆಯ ಹೆಸರು, ಎಷ್ಟು ಸಂಬಳ ಎಂದು ಸೇರುವ ಮೊದಲೇ ಆಸ್ಪತ್ರೆಯ ಎಚ್‌ಆರ್‌ ಕಡೆಯಿಂದ ಬರವಣಿಗೆಯಲ್ಲಿ ಕೇಳಿ. ಕೇಳಲು ಸಂಕೋಚ ಪಡಬೇಡಿ, ಎರಡು ವರ್ಷ ಕೊಡುತ್ತಿರುವವರು ನೀವು.

ಎಂಎಸ್‌ಸಿ ನರ್ಸಿಂಗ್

ಕಲಿಸುವ ಕೆಲಸ ಬೇಕೆನ್ನುವವರಿಗೆ ಎಂಎಸ್‌ಸಿಯೇ ನೇರ ದಾರಿ. ಎರಡು ವರ್ಷ ರೆಗ್ಯುಲರ್, ಬಿಎಸ್‌ಸಿಯಲ್ಲಿ ಶೇಕಡಾ 55, ಒಂದು ವರ್ಷದ ಅನುಭವ. ಮೆಡಿಕಲ್-ಸರ್ಜಿಕಲ್, ಸಮುದಾಯ ಆರೋಗ್ಯ, ಮಕ್ಕಳ, ಹೆರಿಗೆ ಮತ್ತು ಸ್ತ್ರೀರೋಗ, ಮಾನಸಿಕ ಆರೋಗ್ಯ ಎಂಬ ಐದು ವಿಭಾಗ. ನಮ್ಮ ಮೂರು ಜಿಲ್ಲೆಗಳಿಗೆ ಇದರಲ್ಲಿ ಅದೃಷ್ಟವಿದೆ. ಬೆಳಗಾವಿಯಲ್ಲಿ ಕೆಎಲ್‌ಇ, ವಿಜಯಪುರದಲ್ಲಿ ಬಿಎಲ್‌ಡಿಇ ಸಂಸ್ಥೆಯ ಬಿ.ಎಂ. ಪಾಟೀಲ ನರ್ಸಿಂಗ್ ಕಾಲೇಜು, ಬಾಗಲಕೋಟೆಯ ನವನಗರದಲ್ಲಿ ಬಿವಿವಿ ಸಂಘದ ಸಜ್ಜಲಶ್ರೀ ಇವೆ. ಓದಿಗಾಗಿ ಮನೆ ಬದಲಿಸಬೇಕಿಲ್ಲ.

ಕಷ್ಟ ಇರುವುದು ದುಡ್ಡಿನಲ್ಲಿ. ಹಗಲು ಕಾಲೇಜು, ಕ್ಲಿನಿಕಲ್ ಪೋಸ್ಟಿಂಗ್, ಎರಡನೆಯ ವರ್ಷ ಪ್ರಬಂಧ. ಪೂರ್ತಿ ಕೆಲಸವನ್ನು ಜೊತೆಗೆ ನಡೆಸಲು ಆಗುವುದಿಲ್ಲ. ಎರಡು ವರ್ಷದ ಫೀಗೆ ಎರಡು ವರ್ಷದ ಸಂಬಳವನ್ನೂ ಕೂಡಿಸಿ ಲೆಕ್ಕ ಹಾಕಿದರೆ ನಿಜವಾದ ಖರ್ಚು ಗೊತ್ತಾಗುತ್ತದೆ. ಸರ್ಕಾರಿ ಸೇವೆಯಲ್ಲಿರುವವರು ರಾಜೀನಾಮೆಯ ಮಾತೆತ್ತುವ ಮೊದಲು ನಿಯೋಜನೆಯ ಮೇಲೆ ಓದುವ ಅವಕಾಶವನ್ನು ಇಲಾಖೆಯಲ್ಲಿ ವಿಚಾರಿಸಲಿ. ಐಸಿಯು ಪ್ರೀತಿಸುವ, ಬೆಡ್‌ಸೈಡ್ ಬಿಡಲು ಮನಸ್ಸಿಲ್ಲದ ನರ್ಸ್, ಪದವಿ ದೊಡ್ಡದು ಎಂಬ ಕಾರಣಕ್ಕಷ್ಟೇ ಎಂಎಸ್‌ಸಿಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ.

ಜಿಎನ್‌ಎಂ ಮಾಡಿದವರು

ಕ್ರಿಟಿಕಲ್ ಕೇರ್ ರೆಸಿಡೆನ್ಸಿ, ಎಂಎಸ್‌ಸಿ ಎರಡಕ್ಕೂ ಬಿಎಸ್‌ಸಿ ಬೇಕು. ಜಿಎನ್‌ಎಂ, ಅಂದರೆ ನರ್ಸಿಂಗ್ ಡಿಪ್ಲೊಮಾ, ಮುಗಿಸಿ ಕೆಲಸಕ್ಕೆ ಸೇರಿದವರು ನಮ್ಮ ಭಾಗದ ಆಸ್ಪತ್ರೆಗಳಲ್ಲಿ ಬಹಳ ಇದ್ದಾರೆ. ಅವರು ಮೊದಲು ದಾಟಬೇಕಾದದ್ದು ಪೋಸ್ಟ್ ಬೇಸಿಕ್ ಬಿಎಸ್‌ಸಿ.

ರೆಗ್ಯುಲರ್ ಆದರೆ ಎರಡು ವರ್ಷ. ಕೆಲಸದಲ್ಲಿದ್ದುಕೊಂಡು ಮಾಡುವುದಾದರೆ ಇಗ್ನೋ, ಅಂದರೆ ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ, ನಡೆಸುವ ಕೋರ್ಸ್ ಇದೆ. ಕನಿಷ್ಠ ಮೂರು ವರ್ಷ, ಗರಿಷ್ಠ ಐದು. ಜಿಎನ್‌ಎಂ ಮೇಲೆ ಎರಡು ವರ್ಷದ ಅನುಭವ, ನೋಂದಣಿ ಬೇಕು. ಪ್ರವೇಶ ಪರೀಕ್ಷೆ ಬರೆಯಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2020ರ ನಿಯಮಗಳು ನರ್ಸಿಂಗ್ ಪದವಿಗಳನ್ನು ದೂರಶಿಕ್ಷಣದಲ್ಲಿ ನಡೆಸುವುದಕ್ಕೆ ತಡೆ ಹಾಕಿರುವಾಗ, ಸೇವೆಯಲ್ಲಿರುವ ನರ್ಸ್‌ಗಳಿಗೆಂದೇ ಇರುವ ಈ ಕೋರ್ಸ್ ಬೇರೆ ಥರದ್ದು. ಪುಸ್ತಕ ಮನೆಗೆ ಬರುತ್ತದೆ. ಪ್ರಾಯೋಗಿಕದಲ್ಲಿ ಒಂದಿಷ್ಟನ್ನು ಅಧ್ಯಯನ ಕೇಂದ್ರವಾದ ನರ್ಸಿಂಗ್ ಕಾಲೇಜಿಗೆ ಹೋಗಿ ಮಾಡಬೇಕು, ಒಂದಿಷ್ಟನ್ನು ನೀವು ಕೆಲಸ ಮಾಡುವ ಜಾಗದಲ್ಲಿಯೇ ಮಾಡಬಹುದು. ಮನೆ-ಡ್ಯೂಟಿ-ಓದು ಮೂರನ್ನೂ ಒಟ್ಟಿಗೆ ಹಿಡಿಯುವವರಿಗೆ ನಮ್ಮ ದೇಶದಲ್ಲಿ ಇರುವ ಗಟ್ಟಿಯಾದ ದಾರಿ ಇದೇ.

ಇಗ್ನೋ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲಿಯೇ ಇದೆ. ಅರ್ಜಿ ಹಾಕುವ ಮೊದಲು ಅಲ್ಲಿಗೆ ಹೋಗಿ ಒಂದು ಮಾತು ಕೇಳಿ: ಈ ಸಲ ನನಗೆ ಸಿಗುವ ಅಧ್ಯಯನ ಕೇಂದ್ರ ಯಾವ ಊರಿನದು? ಅದು ಬಸ್ಸಿನ ಎರಡು ತಾಸಿನ ಹಾದಿಯಾದರೆ ಒಂದು ಲೆಕ್ಕ, ರಾತ್ರಿ ಉಳಿಯಬೇಕಾದ ಊರಾದರೆ ಇನ್ನೊಂದು ಲೆಕ್ಕ. 2023ರ ಜೂನ್‌ನಲ್ಲಿ ಬಂದ ಶಕ್ತಿ ಯೋಜನೆಯಿಂದ ರಾಜ್ಯದೊಳಗಿನ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ ಖರ್ಚಿಲ್ಲ. ಮುಧೋಳದಿಂದ ಬಾಗಲಕೋಟೆಗೆ, ಜಮಖಂಡಿಯಿಂದ ವಿಜಯಪುರಕ್ಕೆ ಹೋಗಿಬರುವವರಿಗೆ ಇದು ತಿಂಗಳ ಖರ್ಚಿನಲ್ಲಿ ದೊಡ್ಡ ಆಸರೆ.

ಅಥಣಿ, ಚಿಕ್ಕೋಡಿ ಕಡೆಯವರಿಗೆ ಮಿರಜ, ಸಾಂಗಲಿ ಹತ್ತಿರ ಎನಿಸುತ್ತವೆ. ಅಲ್ಲಿ ಓದುವುದು ತಪ್ಪಲ್ಲ. ಆದರೆ ಮಹಾರಾಷ್ಟ್ರದ ವಿಶ್ವವಿದ್ಯಾಲಯ, ಅಲ್ಲಿಯ ನರ್ಸಿಂಗ್ ಕೌನ್ಸಿಲ್, ಆಮೇಲೆ ಮತ್ತೆ ಕರ್ನಾಟಕದ ಕೌನ್ಸಿಲ್‌ನಲ್ಲಿ ನೋಂದಣಿ ಎಂಬ ಓಡಾಟವನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಸಣ್ಣ ಕೋರ್ಸುಗಳು

ಎರಡು-ಮೂರು ವರ್ಷ ಆಗದು ಎನ್ನುವವರಿಗೆ ಐಎನ್‌ಸಿಯ ಒಂದು ವರ್ಷದ ಪೋಸ್ಟ್ ಬೇಸಿಕ್ ಡಿಪ್ಲೊಮಾಗಳಿವೆ: ಕ್ರಿಟಿಕಲ್ ಕೇರ್, ಎಮರ್ಜೆನ್ಸಿ, ನವಜಾತ ಶಿಶು, ಆಂಕಾಲಜಿ ಮುಂತಾದವು. ಇವೂ ರೆಸಿಡೆನ್ಸಿ ಕ್ರಮದವು, ಜಿಎನ್‌ಎಂ ಆದವರೂ ಸೇರಬಹುದು. ಕೇಂದ್ರ ಸರ್ಕಾರದ ‘ಸ್ವಯಂ’ ಎಂಬ ವೇದಿಕೆಯ ಉಚಿತ ಆನ್‌ಲೈನ್ ಕೋರ್ಸುಗಳು ತಿಳಿವಳಿಕೆಗೆ ಒಳ್ಳೆಯವು, ಪದವಿಯಲ್ಲ.

ಸಮುದಾಯ ಆರೋಗ್ಯ ಅಧಿಕಾರಿಯ ದಾರಿಯನ್ನು ಮಾತ್ರ ಹಗುರವಾಗಿ ನೋಡಬೇಡಿ. 2018ರಲ್ಲಿ ಆಯುಷ್ಮಾನ್ ಭಾರತ್ ಅಡಿ ಉಪಕೇಂದ್ರಗಳನ್ನು ಕ್ಷೇಮ ಕೇಂದ್ರಗಳಾಗಿ ಬೆಳೆಸಲು ಶುರುಮಾಡಿದಾಗ ಈ ಹುದ್ದೆ ಬಂತು. ನರ್ಸ್‌ಗಳು ಸಮುದಾಯ ಆರೋಗ್ಯದಲ್ಲಿ ಆರು ತಿಂಗಳ ಸರ್ಟಿಫಿಕೇಟ್ ಮಾಡಿ ಇದಕ್ಕೆ ಹೋಗುತ್ತಾರೆ. ಹೊಸ ಬಿಎಸ್‌ಸಿ ಪಠ್ಯದಲ್ಲಿ ಆ ಭಾಗ ಒಳಗೇ ಸೇರಿದೆ. ಬಿಪಿ, ಸಕ್ಕರೆ ಕಾಯಿಲೆ ನೋಡುವುದು, ಗರ್ಭಿಣಿಯರ ತಪಾಸಣೆ, ನಿಗದಿಪಡಿಸಿದ ಔಷಧಿ ಕೊಡುವುದು, ಬೇಕಾದವರನ್ನು ಮೇಲಿನ ಆಸ್ಪತ್ರೆಗೆ ಕಳಿಸುವುದು. ಹಳ್ಳಿಯಲ್ಲಿ ರೋಗಿಯನ್ನು ಮೊದಲು ನೋಡುವವರು ಅವರೇ. ಗುತ್ತಿಗೆ ಕೆಲಸ ಎಂಬುದು ನಿಜವಾದ ಕೊರತೆ. ಆದರೂ ರಾತ್ರಿ ಪಾಳಿ ಇಲ್ಲದ, ಹಗಲಿನಲ್ಲಿ ನಡೆಯುವ, ಸ್ವಂತ ನಿರ್ಧಾರಕ್ಕೆ ಜಾಗವಿರುವ ಕೆಲಸ. ನರ್ಸ್ ಪ್ರಾಕ್ಟಿಷನರ್ ಎಂದರೆ ಏನೆಂದು ಫೋರ್ಡ್ ಮತ್ತು ಸಿಲ್ವರ್ ಯೋಚಿಸಿದ್ದರೋ, ಅದಕ್ಕೆ ಹುನಗುಂದ, ಇಂಡಿ ತಾಲ್ಲೂಕಿನ ಉಪಕೇಂದ್ರವೊಂದು ಬಹಳ ಹತ್ತಿರ ಇದೆ ಎಂದು ನನಗೆ ಅನಿಸುತ್ತದೆ.

ಮನೆಯಲ್ಲಿ ಮಾತಾಡುವುದು

ಯಾವ ಕೋರ್ಸ್ ಆದರೂ ಹಾಜರಾತಿಯ ನಿಯಮ ಗೊತ್ತಿರಲಿ. ಬಿಎಸ್‌ಸಿ, ಎಂಎಸ್‌ಸಿ ಕೋರ್ಸುಗಳಲ್ಲಿ ಥಿಯರಿ, ಪ್ರಾಯೋಗಿಕ ಎರಡಕ್ಕೂ ಶೇಕಡಾ 80 ಹಾಜರಾತಿ ಇದ್ದರೆ ಮಾತ್ರ ಪರೀಕ್ಷೆಗೆ ಬಿಡುತ್ತಾರೆ. ಪದವಿ ಕೈಗೆ ಬರಬೇಕಾದರೆ ಪ್ರಾಯೋಗಿಕ ತಾಸುಗಳು ನೂರಕ್ಕೆ ನೂರು ಮುಗಿದಿರಬೇಕು. ಜ್ವರ ಬಂದ ಮಗುವಿಗಾಗಿ ಬಿಟ್ಟ ಪೋಸ್ಟಿಂಗನ್ನೂ ಆಮೇಲೆ ತುಂಬಿಕೊಡಬೇಕು. ಎರಡನೆಯ ಮಗುವಿನ ಯೋಚನೆ ಇರುವವರು ಇದನ್ನು ಮುಂಚೆಯೇ ಗಂಡನ ಜೊತೆ ಕುಳಿತು ಮಾತಾಡಲಿ. ಮಧ್ಯದಲ್ಲಿ ಬಿಟ್ಟು ಜೂನಿಯರ್ ಬ್ಯಾಚಿನ ಜೊತೆ ಮುಗಿಸಲು ಅವಕಾಶವಿದೆಯೇ ಎಂದು ಕಾಲೇಜಿನಲ್ಲಿಯೂ ಕೇಳಲಿ.

ನಮ್ಮ ಕಡೆ ವರ್ಷದ ಎಲ್ಲ ತಿಂಗಳೂ ಒಂದೇ ಥರ ಇರುವುದಿಲ್ಲ. ಕಬ್ಬಿನ ಮನೆಯಾದರೆ ಕಾರ್ಖಾನೆ ಶುರುವಾದ ಮೇಲೆ ಗಂಡಸರು ಹೊಲ, ಟ್ರ್ಯಾಕ್ಟರ್ ಬಿಟ್ಟು ಬರುವುದಿಲ್ಲ. ತಿಕೋಟಾ ಕಡೆಯ ದ್ರಾಕ್ಷಿ ಮನೆಗಳಲ್ಲಿ ಬೇಸಿಗೆ ಹತ್ತಿರವಾದಂತೆ ಮಣೂಕ ಒಣಗಿಸುವ ಗಡಿಬಿಡಿ. ಪರೀಕ್ಷೆ, ಕಾಂಟ್ಯಾಕ್ಟ್ ಕ್ಲಾಸುಗಳು ಯಾವ ತಿಂಗಳು ಬರುತ್ತವೆ ಎಂದು ತಿಳಿದು ಸುಗ್ಗಿಯ ಪಕ್ಕ ಇಟ್ಟು ನೋಡಿ. ಎರಡೂ ಒಂದೇ ತಿಂಗಳಿಗೆ ಬಂದರೆ ಮಕ್ಕಳನ್ನು ನೋಡಿಕೊಳ್ಳುವವರನ್ನು ಈಗಲೇ ಗೊತ್ತುಮಾಡಬೇಕು.

ಸಹಾಯ ಕೇಳುವಾಗ ಬಿಡಿಸಿ ಕೇಳಿ. “ಅತ್ತಿ, ನನಗ ಓದಾಕ ಸ್ವಲ್ಪ ಸಹಕಾರ ಮಾಡ್ರಿ” ಎಂದರೆ ಅವರಿಗೂ ಏನು ಮಾಡಬೇಕೆಂದು ತಿಳಿಯುವುದಿಲ್ಲ. “ಮಂಗಳವಾರ, ಶುಕ್ರವಾರ ಸಂಜಿಮುಂದ ರೊಟ್ಟಿ ನೀವು ಮಾಡ್ರಿ, ಹುಡುಗನ ಹೋಮ್‌ವರ್ಕ್ ಅವನ ಅಪ್ಪ ನೋಡ್ಲಿ, ರವಿವಾರ ಪೂರಾ ನಾನ ಮಾಡ್ತೀನಿ” ಎಂದರೆ ತಿಳಿಯುತ್ತದೆ. ವಾರ್ಡಿನಲ್ಲಿಯೂ ಹಾಗೆಯೇ. ಇನ್‌ಚಾರ್ಜ್ ಸಿಸ್ಟರ್‌ಗೆ ಪರೀಕ್ಷೆಯ ಹಿಂದಿನ ದಿನ ಹೇಳಬೇಡಿ. ಕೋರ್ಸಿಗೆ ಸೇರಿದ ದಿನವೇ ವೇಳಾಪಟ್ಟಿಯ ಪ್ರತಿ ಕೊಟ್ಟು, ನೈಟ್ ಯಾವಾಗ ಬೇಕು, ಯಾವಾಗ ಬೇಡ ಎಂದು ಗುರುತು ಮಾಡಿಕೊಡಿ. ಡ್ಯೂಟಿ ಅದಲುಬದಲು ಮಾಡಿಕೊಳ್ಳುವ ಗೆಳತಿಯರ ಋಣವನ್ನು ಅವರ ಮನೆಯ ಕಾರ್ಯ ಬಂದಾಗ ತೀರಿಸಿ.

ಫೀ ಕಟ್ಟುವ ಮೊದಲು

‘ಕಾಲೇಜಿಗೆ ಬರೂದು ಬ್ಯಾಡ, ಪರೀಕ್ಷೆಗೆ ಅಷ್ಟ ಬರ್ರಿ’ ಎಂದು ಜಿಎನ್‌ಎಂ, ಬಿಎಸ್‌ಸಿ ಮಾರುವ ಏಜೆಂಟರು ಊರೂರಲ್ಲಿದ್ದಾರೆ. ಕ್ಲಿನಿಕಲ್ ತಾಸು ಇಲ್ಲದ ನರ್ಸಿಂಗ್ ಪದವಿ ಕೈಯಲ್ಲಿ ಹಿಡಿದವರ ಎದುರು ನಾಳೆ ಮಲಗುವುದು ನಮ್ಮದೇ ಅವ್ವ, ನಮ್ಮದೇ ಕೂಸು. ಅಂಥ ಮಾತು ಕೇಳಿದಲ್ಲಿಗೆ ಎದ್ದು ಬನ್ನಿ.

ಕಾಲೇಜಿಗೆ ಆ ವರ್ಷದ ಅನುಮತಿ ಇದೆಯೇ ಎಂದು ಐಎನ್‌ಸಿ ಪಟ್ಟಿಯಲ್ಲಿ ನೋಡಿ. 2023ರ ರಾಷ್ಟ್ರೀಯ ನರ್ಸಿಂಗ್ ಮತ್ತು ಮಿಡ್‌ವೈಫರಿ ಆಯೋಗ ಕಾಯ್ದೆಯಂತೆ ಹೊಸ ಆಯೋಗ ಕೆಲಸ ವಹಿಸಿಕೊಂಡರೂ ಈ ತಪಾಸಣೆ ಬಿಡಬೇಡಿ. ಪದವಿಯನ್ನು ಹೆಚ್ಚುವರಿ ಅರ್ಹತೆಯಾಗಿ ನೋಂದಾಯಿಸಿಕೊಳ್ಳುತ್ತಾರೆಯೇ ಎಂದು ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್‌ಗೆ ಬರೆದು ಕೇಳಿ. ಕಾಲೇಜಿನಲ್ಲಿ ಕಳೆದ ವರ್ಷದ ಕ್ಲಿನಿಕಲ್ ಪೋಸ್ಟಿಂಗ್ ಪಟ್ಟಿ ತೋರಿಸಲು ಹೇಳಿ, ಸಾಧ್ಯವಾದರೆ ಅಲ್ಲಿ ಓದುತ್ತಿರುವ, ಮಕ್ಕಳಿರುವ ಒಬ್ಬ ವಿದ್ಯಾರ್ಥಿನಿಯ ಜೊತೆ ಹತ್ತು ನಿಮಿಷ ಮಾತಾಡಿ. ಪ್ರಾಸ್ಪೆಕ್ಟಸ್ ಹೇಳದ್ದನ್ನು ಅವರು ಹೇಳುತ್ತಾರೆ. ಮೂಲ ಅಂಕಪಟ್ಟಿ, ನೋಂದಣಿ ಪತ್ರಗಳನ್ನು ತೋರಿಸಿ ವಾಪಸ್ ತನ್ನಿ, ಅಲ್ಲಿ ಬಿಟ್ಟು ಬರಬೇಡಿ. ಕಾಲೇಜುಗಳು ಮೂಲ ದಾಖಲೆ ಇಟ್ಟುಕೊಳ್ಳಬಾರದೆಂದು ಯುಜಿಸಿಯೇ ಹೇಳಿದೆ.